ಕಿರ್ಗಿಜ್ ಗುಡ್ಡದ ಉಳ್ಳಾಗಡ್ಡಿ, ಹಾರೂಗೇರಿಯ ನಾಲಿಗೆ

ಚಿಕ್ಕೋಡಿ

ನಾಲಿಗೆಗೂ ಪಾಸ್‌ಪೋರ್ಟ್ ಬೇಕಾಗುತ್ತದೆ ಎಂಬುದು ನನಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಪಾಸ್‌ಪೋರ್ಟಿಗೆ ಹಚ್ಚಿದ್ದು ನನ್ನ ಮುಖ, ಅದರಲ್ಲಿ ಬರೆದದ್ದು ಸಿದರಾಯ ಎಂಬ ನನ್ನ ಹೆಸರು. ಆದರೆ ಕಿರ್ಗಿಜ್‌ಸ್ತಾನದಲ್ಲಿ ಬೇಕಾಗಿದ್ದದ್ದು ನನ್ನ ನಾಲಿಗೆ ಮಾತ್ರ. ಉಳಿದ ಸಿದರಾಯ ಅದನ್ನು ಹೊತ್ತುಕೊಂಡು ಹೋದ, ಅಷ್ಟೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಅಟೆಂಡರ್. ಊರು ಹಾರೂಗೇರಿ. ಹಿರಿಯರು ಕುರಿ ಕಾಯ್ದವರು, ತಮ್ಮ ಇಂದಿಗೂ ಕಾಯುತ್ತಾನೆ, ನಾನೊಬ್ಬ ಪಗಾರದ ನೆರಳಿಗೆ ಬಂದು ಕೂತವನು. ನಮ್ಮ ವಿಭಾಗದ ಮುಖ್ಯಸ್ಥರು ಪದ್ಮಾ ಮೇಡಂ. ಬೇಡಕಿಹಾಳದವರು, ಜೈನರು. ಅವರ ಜೀವಮಾನದ ಕೆಲಸವೆಲ್ಲ ಕಾಡು ಉಳ್ಳಾಗಡ್ಡಿಯ ಮೇಲೆ. ಯಾವ ಗುಡ್ಡದ ಉಳ್ಳಾಗಡ್ಡಿ ಯಾವುದಕ್ಕೆ ಅಕ್ಕ, ಯಾವುದಕ್ಕೆ ದಾಯಾದಿ, ಯಾವುದನ್ನು ಯಾವ ಮನೆತನಕ್ಕೆ ಸೇರಿಸಬೇಕು ಎಂದು ಗೊತ್ತುಮಾಡುವುದು. ಇಷ್ಟಾಗಿ ಅವರು ಹುಟ್ಟಿದಾಗಿನಿಂದ ಒಂದು ಎಸಳು ಉಳ್ಳಾಗಡ್ಡಿಯನ್ನೂ ಬಾಯಿಗೆ ಹಾಕಿದವರಲ್ಲ. ಬೆಳ್ಳುಳ್ಳಿಯದೂ ಅದೇ ಕಥೆ.

ಸ್ಟಾಫ್ ರೂಮಿನಲ್ಲಿ ಇದನ್ನು ಹಿಡಿದು ಕಾಡುವವರು ಬಹಳ. ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ.

"ಮೇಡಂ, ತಿನ್ನಾಕ ಬಾರದ್ದರ ಮ್ಯಾಲ ಇಷ್ಟ್ ಯಾಕ್ರಿ ಜೀವಾ?"

"ಸಣ್ಣಾಕಿ ಇದ್ದಾಗ ಹೊಲದಾಗ ಆಳಿನವರು ಉಣ್ಣಾಕ ಕುಂತ್ರ ಆ ವಾಸನಿ ಬರತಿತ್ತು" ಎಂದರು. "ಅಪ್ಪಾ ಅದನ್ನ ತಿನ್ನಬ್ಯಾಡ ಅಂದ. ತಿಳಕೋಬ್ಯಾಡ ಅಂದಿರಲಿಲ್ಲ."

ತಿಳಿದುಕೊಂಡರು, ಬೇಕಾದಷ್ಟು. ಆದರೆ ಒಂದು ಕಡೆ ಕೈ ಕಟ್ಟಿತ್ತು. ಉಳ್ಳಾಗಡ್ಡಿಯ ನಾತವೂ ಬೆಳ್ಳುಳ್ಳಿಯ ನಾತವೂ ಅವರ ಮೂಗಿಗೆ ಒಂದೇ, ಎರಡೂ 'ಆ ವಾಸನಿ'. ಅಲ್ಲಿಗೆ ನಾನು ಬೇಕಾದೆ. ವಿಭಾಗದ ಹಿತ್ತಲಲ್ಲಿ ಆರು ಕುಂಡಗಳಿದ್ದವು, ಹೊರದೇಶದಿಂದ ಯಾರೋ ಪರಿಚಯದವರು ಕಳಿಸಿದ ಆರು ಬಗೆಯ ಬೀಜದವು. ಎಲೆ ಬಂದ ಮೇಲೆ ಮೇಡಂ ನನ್ನನ್ನು ರುಚಿ ನೋಡಲು ಕರೆಯುತ್ತಿದ್ದರು. ಕರೆದವರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಊಟ ಆತೇನು ಸಿದರಾಯಾ?"

"ಇಲ್ರಿ ಇನ್ನಾ."

"ಹಂಗಾರ ಮೊದಲ ಊಟಾ ಮಾಡಿ ಬಾ. ಹಸದಾವನ ಕಡಿಂದ ಕೆಲಸಾ ಮಾಡಿಸಬಾರದು."

ನಮ್ಮ ಕಡೆ ಹಾಗೆಯೇ. ಕೂಲಿಗೆ ಬಂದವನಿರಲಿ, ವಾರಂಟ್ ತಂದ ಪೊಲೀಸನಿರಲಿ, ಊಟ ಆಯಿತೇ ಎಂದು ಕೇಳದೆ ಮುಂದಿನ ಮಾತಿಲ್ಲ. ನಾನು ರೊಟ್ಟಿ, ಪಲ್ಯ, ಚಟ್ನಿ ಮುಗಿಸಿ, ಬಾಯಿ ತೊಳೆದುಕೊಂಡು, ಹೊಟ್ಟೆ ಸವರುತ್ತ ಬಂದು ಎಲೆ ಅಗಿಯುತ್ತಿದ್ದೆ. ಹೇಳಿದ್ದನ್ನು ಅವರು ಬರೆದುಕೊಳ್ಳುತ್ತಿದ್ದರು.

ಮೂರನೆಯ ಕುಂಡದ್ದೇ ಈ ಕಥೆ. ಅದು ಕಿರ್ಗಿಜ್ ಗುಡ್ಡದ ಗಿಡ. ಎಲೆ ದುಂಡಗೆ, ಒಳಗೆ ಟೊಳ್ಳು. ಅಲ್ಲಿನ ಹಳೆಯ ಪಂಡಿತರು ಅದನ್ನು ಉಳ್ಳಾಗಡ್ಡಿಯ ಮನೆತನಕ್ಕೆ ಸೇರಿಸಿದ್ದರು. ಹೂ ನೋಡಿದರೆ ತೀರ್ಮಾನವಾಗುತ್ತಿತ್ತು, ಆದರೆ ಹಿಮ ಕಾಣದೆ ಅದು ಹೂ ಬಿಡುವುದಿಲ್ಲವಂತೆ. ಚಿಕ್ಕೋಡಿಯಲ್ಲಿ ಹಿಮ ಎಲ್ಲಿಂದ ತರೋಣ? ಬಿಷ್ಕೆಕ್ ನಗರದ ಸಂಗ್ರಹದಲ್ಲಿದ್ದ ಒಣ ಗಿಡದ ಫೋಟೋ ತರಿಸಿದರು. ಅದರ ಹೂ ಮುದುಡಿ ಹೋಗಿತ್ತು. ಹೂವಿನೊಳಗಿನ ಕೇಸರದ ಕಡ್ಡಿಗೆ ಉದ್ದನೆಯ ಮೂರು ಮೊನೆ ಇದ್ದರೆ ಅದು ಬೆಳ್ಳುಳ್ಳಿಯ ಬಳಗ, ಬುಡದಲ್ಲಿ ಸಣ್ಣ ಹಲ್ಲು ಮಾತ್ರ ಇದ್ದರೆ ಉಳ್ಳಾಗಡ್ಡಿಯದು. ಮೇಡಂಗೆ ಮೂರು ಮೊನೆ ಕಂಡಂತಾಯಿತು. ಅನುಮಾನ ಉಳಿದಿತ್ತು. ನನ್ನನ್ನು ಕರೆದರು. ನಾನು ಊಟ ಮಾಡಿ ಬಂದು, ಅಗಿದು, "ಬಳ್ಳೊಳ್ಳಿ ಮೇಡಂ, ಖರೇನ ಬಳ್ಳೊಳ್ಳಿ" ಎಂದೆ.

ಮೇಡಂ ಅದನ್ನು ಬೆಳ್ಳುಳ್ಳಿಯ ಮನೆತನಕ್ಕೆ ವರ್ಗ ಮಾಡಿ ಲೇಖನ ಬರೆದರು. ಬಿಷ್ಕೆಕ್ಕಿಗೆ ಒಂದು ಚೀಟಿಯನ್ನೂ ಕಳಿಸಿದರು, ಆ ಒಣ ಗಿಡದ ಹಾಳೆಗೆ ಅಂಟಿಸಲು. ಹೊಸ ಹೆಸರು, ಕೆಳಗೆ ಮೇಡಂ ಹೆಸರು. ಚೀಟಿಯಲ್ಲಿ ನನ್ನ ಹೆಸರಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬಂದಿತ್ತು. ಅಗಿದವನು ನಾನು!

ಎಂಟು ವರ್ಷ ಪಂಡಿತರು ಒಪ್ಪಲಿಲ್ಲ. ಉಳ್ಳಾಗಡ್ಡಿ ತಿನ್ನದ ಬಾಯಿ ಉಳ್ಳಾಗಡ್ಡಿಯ ಕುಲ ಬದಲಿಸಿತು ಎಂದು ಒಬ್ಬರು ಸಭೆಯಲ್ಲೇ ನಕ್ಕರಂತೆ. ಮೇಡಂಗೆ ನಿವೃತ್ತಿ ಹತ್ತಿರವಾಯಿತು. ಹೋಗುವುದರೊಳಗೆ ಆ ಗಿಡದ ಹೂವನ್ನು ಅದರ ಗುಡ್ಡದ ಮೇಲೆಯೇ ನೋಡಬೇಕು, ಅವರು ಹಿಡಿದದ್ದು ಸರಿಯೋ ತಪ್ಪೋ ಕಣ್ಣಾರೆ ಗೊತ್ತಾಗಬೇಕು. ಹಾಗೆ ಹೊರಟರು. ಜೊತೆಗೆ ನಾಲಿಗೆಯೂ ಹೊರಟಿತು.

ದಿಲ್ಲಿ

ಮಿರಜಿನಲ್ಲಿ ರೈಲು ಹತ್ತುವಾಗ ಹೆಂಡತಿ ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ದಳು, ತುಂಬ ಶೇಂಗಾ ಚಟ್ನಿ. ಅದು ಬೆನ್ನಿನ ಚೀಲದಲ್ಲಿತ್ತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಮುಚ್ಚಳ ತೆಗೆದು ಆ ಕೆಂಪು ಪುಡಿಯನ್ನು ನೋಡಿ, ಕೈ ಹಿಂದಕ್ಕೆ ಎಳೆದುಕೊಂಡ. ನನ್ನ ನಿಪ್ಪಾಣಿ ಹಿಂದಿಯಲ್ಲಿ ಎಷ್ಟು ವಿವರಿಸಿದರೂ ಅವನಿಗೆ ನಂಬಿಕೆ ಬರಲಿಲ್ಲ. ತಿಂದು ತೋರಿಸು ಎಂದ. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅವನ ಅಂಗೈಗೆ ಹಾಕಿದೆ. ಅವನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಅವನೇ ಅಂಗೈ ಚಾಚಿದ. ಮೇಡಂ ದೂರ ನಿಂತು, ತಮಗೂ ನನಗೂ ಸಂಬಂಧವಿಲ್ಲದವರಂತೆ ಬೋರ್ಡು ಓದುತ್ತಿದ್ದರು.

ಬಿಷ್ಕೆಕ್

ನಮ್ಮನ್ನು ಕರೆದೊಯ್ಯಲು ಬಂದವನು ಅಜಮತ್. ದಿಲ್ಲಿಯಲ್ಲಿ ಓದಿದ ಹುಡುಗ, ನನಗಿಂತ ಚೊಕ್ಕ ಹಿಂದಿ ಮಾತಾಡುತ್ತಾನೆ. ಊರಿನಲ್ಲಿ ಎರಡು ಭಾಷೆಯ ಬೋರ್ಡುಗಳು. ಅಂಗಡಿಯವಳು ನಗುವಾಗ ಕಿರ್ಗಿಜ್, ಸಿಟ್ಟು ಮಾಡುವಾಗ ರಷ್ಯನ್. ನನಗೆ ಇದರಲ್ಲಿ ಏನೂ ಹೊಸದೆನಿಸಲಿಲ್ಲ. ಕಾಗವಾಡದಲ್ಲಿ ನಮ್ಮ ಮಾವ ಕನ್ನಡದಲ್ಲಿ ಶುರು ಮಾಡಿದ ಜಗಳವನ್ನು ಮರಾಠಿಯಲ್ಲೇ ಮುಗಿಸುತ್ತಾನೆ.

ಮೇಡಂಗೆ ಇಷ್ಟವಾದದ್ದು ಅಲ್ಲಿನ ಸೂರ್ಯ. ಅವರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಚಿಕ್ಕೋಡಿಯಲ್ಲಿ ಆರಕ್ಕೆಲ್ಲ ಅವರ ತಟ್ಟೆ ತೊಳೆದಿರುತ್ತದೆ. ಇಲ್ಲಿ ಬೇಸಿಗೆಯಲ್ಲಿ ಎಂಟೂವರೆಯಾದರೂ ಹೊತ್ತು ಮುಳುಗುವ ಮನಸ್ಸು ಮಾಡುವುದಿಲ್ಲ. ಮೊದಲ ಸಂಜೆ ಎಂಟು ಗಂಟೆಗೆ, ಊರಿಂದ ತಂದ ಚಪಾತಿ ಮುರಿಯುತ್ತ, ಸಿನಿಮಾ ಕದ್ದು ನೋಡುವ ಹುಡುಗಿಯ ಹಾಗೆ ನಕ್ಕರು.

"ನೋಡು, ಎಂಟ ಗಂಟೇಕ ಉಣ್ಣಾಕತ್ತೀನಿ. ಬೇಡಕಿಹಾಳದಾಗ ಹೇಳಬ್ಯಾಡ ಮತ್ತ."

ನನಗೆ ಮಾತ್ರ ಊಟ ಕಷ್ಟವಾಯಿತು. ರೊಟ್ಟಿ ದಪ್ಪ, ಚೆನ್ನಾಗಿಯೇ ಇತ್ತು. ಅದನ್ನು ಬೋರಲು ಹಾಕಬಾರದು, ಹಾಕಿದರೆ ಯಾರಾದರೂ ಬಂದು ಗದರದೆ ಮಗುಚಿ ಇಟ್ಟು ಹೋಗುತ್ತಾರೆ. ಆದರೆ ಖಾರ ಎಂಬುದನ್ನು ಈ ಜನ ಕೇಳಿಯೂ ಇಲ್ಲ. ನಾನು ಪ್ರತಿ ತುತ್ತಿಗೂ ಡಬ್ಬಿ ತೆಗೆದೆ.

ಡೇರೆ

ಮರುದಿನ ಇಡೀ ಪ್ರಯಾಣ ಮಾಡಿ ಗುಡ್ಡ ಹತ್ತಿದೆವು. ನಾನು ಅಥಣಿ ಚಪ್ಪಲಿ ಮೆಟ್ಟಿ ಹೋಗಿದ್ದೆ. ಊರಲ್ಲಿ ಅದರ ಕಿರ್ರ್ ಸದ್ದಿಗೆ ಒಂದು ಗತ್ತು. ಅಲ್ಲಿ ಆ ಸದ್ದಿಗೆ ಕುದುರೆಗಳು ಕಿವಿ ನಿಮಿರಿಸಿ ನೋಡಿದವು, ಅಷ್ಟೆ.

ಅಜಮತನ ಸೋದರತ್ತೆ ಗುಲ್ಮೀರಾ ಬೇಸಿಗೆ ಪೂರ್ತಿ ಕುರಿ ಮೇಯಿಸಿಕೊಂಡು ಮೇಲಿನ ಹುಲ್ಲುಗಾವಲಿನಲ್ಲಿ ಇರುತ್ತಾಳೆ. ದುಂಡನೆಯ ಡೇರೆ, ಗೋಡೆಯೆಲ್ಲ ಕುರಿಯ ಉಣ್ಣೆ. ನಾನು ಒಳಗೆ ಕಾಲಿಟ್ಟವನು ಆ ಉಣ್ಣೆಯನ್ನು ಮುಟ್ಟಿ ಮೂಸಿದೆ. ನಮ್ಮ ಅಜ್ಜನ ಕಂಬಳಿಯ ವಾಸನೆ. ಅಷ್ಟು ದೂರ ಹೋಗಿ ಅಜ್ಜನ ಹೆಗಲ ಮೇಲೆ ಕೂತಂತಾಯಿತು. ಹೊರಗೆ ಹೋಗಿ ಒಂದು ಕುರಿ ಹಿಡಿದು, ತುಟಿ ಎತ್ತಿ ಹಲ್ಲು ನೋಡಿ, ಎರಡು ವರ್ಷದ್ದು ಎಂದು ಬೆರಳು ತೋರಿಸಿದೆ. ಗುಲ್ಮೀರಾ ಚಪ್ಪಾಳೆ ತಟ್ಟಿದಳು. ಅಲ್ಲಿಯತನಕ ಅವಳು ನನ್ನನ್ನು ಮೇಡಂರ ಸಾಮಾನು ಎಂದುಕೊಂಡಿದ್ದಳು.

ಆದರೂ ಚಹದ ವಿಷಯದಲ್ಲಿ ನನಗೆ ಅವಮಾನವಾಯಿತು. ಅವಳು ಬಟ್ಟಲಿನ ತಳಕ್ಕೆ ನಾಲ್ಕು ಗುಟುಕು ಹಾಕಿ ಕೊಟ್ಟಳು. ನಮ್ಮಲ್ಲಿ ಬಸಿಗೆ ಚೆಲ್ಲದಿದ್ದರೆ ಅದು ಚಹ ಕೊಟ್ಟ ಲೆಕ್ಕವೇ ಅಲ್ಲ. ನಾನು ಮುಖ ಊದಿಸಿಕೊಂಡೆ. ಅಜಮತ್ ಬಿಡಿಸಿ ಹೇಳಿದ. ಸ್ವಲ್ಪ ಸ್ವಲ್ಪ ಹಾಕಿದರೆ ಮತ್ತೆ ಮತ್ತೆ ಹಾಕಬಹುದು, ಹೆಚ್ಚು ಹೊತ್ತು ಕೂರಲಿ ಎಂಬ ಪ್ರೀತಿ ಅದು. ತುಂಬ ಹಾಕಿ ಕೊಟ್ಟರೆ ಕುಡಿದು ಹೊರಡು ಎಂದು ಅರ್ಥ. ನಾನು ಹನ್ನೊಂದು ಸಲ ಬಟ್ಟಲು ಚಾಚಿದೆ.

ಇಳಿಜಾರು

ಗಿಡ ಸಿಕ್ಕದ್ದು ಮರುದಿನ ಮಧ್ಯಾಹ್ನ. ಬೆಳಿಗ್ಗೆಯಿಂದ ಕಲ್ಲಿನ ಇಳಿಜಾರಿನಲ್ಲಿ ಹುಡುಕಿ ಸಾಕಾಗಿ, ಕೂತು, ಮೇಡಂ ತಮ್ಮ ಬುತ್ತಿ, ನಾನು ರೊಟ್ಟಿ ಚಟ್ನಿ ತಿಂದು ಎದ್ದಿದ್ದೆವು. ಬಂಡೆಗಳ ಸಂದಿಯಲ್ಲಿ ಮೊಣಕಾಲೆತ್ತರದ ಕಡ್ಡಿ, ತುದಿಯಲ್ಲಿ ಬೆಳ್ಳನೆಯ ದುಂಡು ಹೂ. ಒಂದಲ್ಲ, ನೂರಾರು. ಮೇಡಂ ಕೆಳಗೆ ಕೂತೇಬಿಟ್ಟರು. ಎಂಟು ವರ್ಷ ಕುಂಡದಲ್ಲಿ ಮುಖ ತೋರಿಸದ ಗಿಡ.

ಒಣಗಿಸಿ ಹಾಳೆಗೆ ಅಂಟಿಸಲೆಂದು ಒಂದೇ ಗಿಡ ಅಗೆದೆವು. ಅಗೆದವನು ನಾನು. ಗಡ್ಡೆ ಮೇಲೆ ಬರುವಾಗ ಮೇಡಂ ಕಣ್ಣು ಮುಚ್ಚಿ ಕೈ ಮುಗಿದರು. ಗಡ್ಡೆ ಕಿತ್ತರೆ ಜೀವಹಿಂಸೆ ಎಂದು ಪ್ರತಿ ಸಲವೂ ಹಾಗೆ ಮಾಡುತ್ತಾರೆ. ಆಮೇಲೆ ಭೂತಗನ್ನಡಿ ಹಿಡಿದು ಹೂವಿನೊಳಗೆ ನೋಡತೊಡಗಿದರು. ಒಂದು ಹೂ, ಎರಡು, ಹತ್ತು. ಅವರ ಮುಖ ಸಪ್ಪಗಾಗುತ್ತ ಬಂತು.

"ಮೊನಿ ಉದ್ದ ಇಲ್ಲೋ ಸಿದರಾಯಾ. ಬುಡದಾಗ ಸಣ್ಣ ಹಲ್ಲ ಅಷ್ಟ ಅದಾವ. ಉಳ್ಳಾಗಡ್ಡಿದರ ಹಂಗ ಕಾಣಸ್ತೈತಿ."

ನಾನು ಎಲೆ ಹರಿದು ಅಗಿದೆ. ಏನೂ ಅನುಮಾನವಿರಲಿಲ್ಲ.

"ಬಳ್ಳೊಳ್ಳಿ ಮೇಡಂ. ಚಿಕ್ಕೋಡ್ಯಾಗ ಇದ್ದಂಗ ಐತಿ."

ಅವರು ಹೂವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಭೂತಗನ್ನಡಿ ಮಡಚಿ ಚೀಲಕ್ಕೆ ಹಾಕಿದರು.

"ನನ್ನ ಕಣ್ಣಿಗೆ ವಯಸ್ಸಾಗೈತಿ. ನಿನ್ನ ನಾಲಗಿ ಇಲ್ಲೀ ತನಕ ನನಗ ಮೋಸಾ ಮಾಡಿಲ್ಲ. ಬಳ್ಳೊಳ್ಳಿ ಅಂತನ ಬರೀತೀನಿ."

ನಾನು ಎದೆಯುಬ್ಬಿಸಿ ಇಳಿದೆ. ಚಪ್ಪಲಿಯೂ ಜೋರಾಗಿ ಕಿರ್ರ್ ಎನ್ನುತ್ತಿತ್ತು.

ಆ ಸಂಜೆಯೇ ಡಬ್ಬಿ ಖಾಲಿಯಾಯಿತು. ಗುಲ್ಮೀರಾಳಿಗೆ ಸುಮ್ಮನೆ ಒಂದು ಚಮಚ ಕೊಟ್ಟೆ. ಅವಳು ಮಾಂಸದ ಮೇಲೆ ಉದುರಿಸಿದಳು, ಗಂಡನನ್ನು ಕರೆದಳು, ಪಕ್ಕದ ಡೇರೆಯವರನ್ನು ಕರೆದಳು. ಎಲ್ಲರೂ ಉಸ್ ಉಸ್ ಎನ್ನುತ್ತ, ನಗುತ್ತ, ತಳ ಕೆರೆದರು. ಅತಿಥಿಯಾಗಿ ನಾನು ನಕ್ಕೆ. ಒಳಗೆ ಅಳು ಬರುತ್ತಿತ್ತು.

ಮುಂದಿನ ಎರಡು ದಿನ ನಾನು ಹಾಲು, ಮೊಸರು, ರೊಟ್ಟಿಯ ಮೇಲೆ ಬದುಕಿದೆ. ಮೂರನೆಯ ದಿನ ಬೆಳಿಗ್ಗೆ ಹೊರಡುವವರಿದ್ದೆವು. ಗುಲ್ಮೀರಾ ಕಡುಬಿನ ಹೂರಣಕ್ಕೆ ಯಾವುದೋ ಸೊಪ್ಪು ಹೆಚ್ಚುತ್ತಿದ್ದಳು. ಇನ್ನೂ ಚಹ ಕೂಡ ಕುಡಿಯದ ನಾನು ಬೇಸರಕ್ಕೆ ಒಂದು ಎಳೆ ಬಾಯಿಗೆ ಹಾಕಿಕೊಂಡೆ.

ಉಳ್ಳಾಗಡ್ಡಿ. ಹೊಲದಿಂದ ಈಗ ಕಿತ್ತು ತಂದ, ಸಿಹಿ ಮಿಶ್ರಿತ, ಕಣ್ಣು ತೇವಗೊಳಿಸುವ ಎಳೆ ಉಳ್ಳಾಗಡ್ಡಿ.

"ಇದು ಯಾವ ಗಿಡ?" ಎಂದು ಅಜಮತನನ್ನು ಕೇಳಿದೆ. ಅವನು ಇಳಿಜಾರಿನ ಕಡೆ ಕೈ ತೋರಿಸಿದ. ನಿನ್ನೆ ಮೊನ್ನೆ ನೀವು ಹಾಡಿ ಹರಸಿ ಬಂದ ಗಿಡವೇ, ಇಲ್ಲಿಯವರು ದಿನಾ ತಿನ್ನುತ್ತಾರೆ ಎಂದ.

ನಾನು ನಂಬಲಿಲ್ಲ. ಇಳಿಜಾರಿಗೆ ಓಡಿದೆ. ಮೇಡಂ ಅಗೆಸಿದ ಕುಣಿ ಇನ್ನೂ ಹಾಗೇ ಇತ್ತು. ಅದರ ಪಕ್ಕದ ಗಿಡದ ಎಲೆ ಅಗಿದೆ. ಉಳ್ಳಾಗಡ್ಡಿ. ಇನ್ನೊಂದು. ಅದೂ ಉಳ್ಳಾಗಡ್ಡಿ. ಬಂಡೆಯ ಮೇಲೆ ಕೂತು ಯೋಚಿಸಿದೆ. ಮೂರು ದಿನದಲ್ಲಿ ಗಿಡ ಬದಲಾಗಿರಲಾರದು. ಬದಲಾದದ್ದು ನಾನು. ಮೂರು ದಿನದ ಹಿಂದೆ ನನ್ನ ಹತ್ತಿರ ಇದ್ದು ಈಗ ಇಲ್ಲದ್ದು ಏನು?

ಡೇರೆಗೆ ಬಂದು ಡಬ್ಬಿ ಹುಡುಕಿದೆ. ಮುಚ್ಚಳದ ಸಂದಿಯಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಬೆರಳಿನಿಂದ ತೆಗೆದು ನೆಕ್ಕಿದೆ. ಬಾಯಿ ಮುಕ್ಕಳಿಸಿದೆ. ಆಮೇಲೆ ಕುರಿಗಳ ಮುಂದೆಯೇ ಕೂತು ಒಂದು ಹಿಡಿ ಹುಲ್ಲು ಅಗಿದೆ. ಬರೀ ಹುಲ್ಲು. ಅದು ಬೆಳ್ಳುಳ್ಳಿಯಾಗಿತ್ತು.

ಕುರಿಗಳು ಮೇಯುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದವು. ನನಗೆ ಕುರಿಗಳ ಮುಂದೆಯೂ ನಾಚಿಕೆಯಾಯಿತು.

ನನ್ನ ಹೆಂಡತಿ ಚಟ್ನಿಗೆ ಶೇಂಗಾದಷ್ಟೇ ಧಾರಾಳವಾಗಿ ಬೆಳ್ಳುಳ್ಳಿ ಹಾಕುತ್ತಾಳೆ. ಎಂಟು ವರ್ಷದ ಹಿಂದೆ ನಾನು ಕುಂಡದ ಗಿಡದ ರುಚಿ ನೋಡಿರಲಿಲ್ಲ. ನನ್ನ ಊಟದ ರುಚಿ ನೋಡಿದ್ದೆ. ಅದನ್ನು ನಂಬಿ ಮೇಡಂ ಸಭೆಯಲ್ಲಿ ನಗಿಸಿಕೊಂಡಿದ್ದರು, ಈಗ ತಮ್ಮ ಕಣ್ಣು ಕಂಡದ್ದನ್ನೂ ಬದಿಗಿಟ್ಟಿದ್ದರು.

ಹೇಳಬೇಕು. ಜೀಪಿನಲ್ಲಿ ಹೇಳೋಣ ಎಂದುಕೊಂಡೆ. ಜೀಪಿನಲ್ಲಿ ಮೇಡಂ ಖುಷಿಯಲ್ಲಿ ಹಾಡು ಗುನುಗುತ್ತಿದ್ದರು. ಅವರು ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೇಳುವುದನ್ನು ಬಿಷ್ಕೆಕ್ಕಿಗೆ ಮುಂದೂಡಿದೆ.

ಮತ್ತೆ ಬಿಷ್ಕೆಕ್

ಒಣ ಗಿಡಗಳ ಸಂಗ್ರಹ ಒಂದು ಉದ್ದನೆಯ ತಂಪು ಕೋಣೆ. ಬಿಳಿ ಕೂದಲಿನ ಅಜ್ಜಿಯೊಬ್ಬಳು ಅದರ ಒಡತಿ. ಅವಳು ಎರಡೂ ಕೈಯಲ್ಲಿ, ತೊಟ್ಟಿಲ ಕೂಸನ್ನು ತರುವಂತೆ, ನಮ್ಮ ಹಾಳೆಯನ್ನು ತಂದು ಮೇಜಿನ ಮೇಲಿಟ್ಟಳು. ಕಂದಿದ ಗಿಡ. ಮೂಲೆಯಲ್ಲಿ ಹಳೆಯ ಪಂಡಿತರ ಚೀಟಿ, ಉಳ್ಳಾಗಡ್ಡಿಯ ಮನೆತನ. ಅದರ ಮೇಲುಗಡೆ ಮೇಡಂ ಕಳಿಸಿದ ಚೀಟಿ, ಬೆಳ್ಳುಳ್ಳಿಯ ಮನೆತನ. ಈಗ ಮೇಡಂ ಮೂರನೆಯ ಚೀಟಿ ಬರೆಯಬೇಕು, ಗುಡ್ಡದ ಮೇಲೆ ನೋಡಿ ಖಚಿತ ಮಾಡಿಕೊಂಡೆ ಎಂದು. ಪೆನ್ನಿನ ಮುಚ್ಚಳ ತೆಗೆದರು.

"ಬರೀಬ್ಯಾಡ್ರಿ ಮೇಡಂ."

ಪೆನ್ನು ನಿಂತಿತು.

"ಅದು ಬಳ್ಳೊಳ್ಳಿ ಅಲ್ರಿ. ಉಳ್ಳಾಗಡ್ಡಿ. ನಿಮ್ಮ ಕಣ್ಣ ಖರೇ ಹೇಳೇತ್ರಿ. ನನ್ನ ಬಾಯಾಗ ಚಟ್ನಿ ಇತ್ತರಿ. ಗುಡ್ಡದ ಮ್ಯಾಲೂ ಇತ್ತು, ಚಿಕ್ಕೋಡ್ಯಾಗೂ ಇತ್ತು."

ಕಡುಬಿನ ಸೊಪ್ಪಿನಿಂದ ಹಿಡಿದು ಕುರಿಗಳ ಮುಂದೆ ಹುಲ್ಲು ತಿಂದದ್ದರವರೆಗೆ ಎಲ್ಲ ಹೇಳಿದೆ. ತಲೆ ಎತ್ತಲಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಂಟು ವರ್ಷದ ಕೆಲಸ ಆ ಮೇಜಿನ ಮೇಲೆ ಬಿದ್ದಿತ್ತು. ಬೈದರೆ ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಅವರು ಕೇಳಿದ್ದು ಬೇರೆ.

"ಶೇಂಗಾ ಚಟ್ನ್ಯಾಗ ಬಳ್ಳೊಳ್ಳಿ ಹಾಕ್ತಾರೇನೋ?"

ಇಪ್ಪತ್ತು ವರ್ಷದಿಂದ ನಾನು ಅವರ ಎದುರಿಗೇ ಡಬ್ಬಿ ಬಿಚ್ಚಿದ್ದೇನೆ. ಅವರ ಮನೆಯಲ್ಲೂ ಶೇಂಗಾ ಚಟ್ನಿ ಇದೆ, ಅದರಲ್ಲಿ ಶೇಂಗಾ, ಖಾರ, ಜೀರಿಗೆ, ಉಪ್ಪು. ಲೋಕದ ಚಟ್ನಿಯೆಲ್ಲ ಹಾಗೇ ಎಂದು ಅವರು, ಲೋಕದ ಚಟ್ನಿಯೆಲ್ಲ ಹೀಗೇ ಎಂದು ನಾನು. ನಾತ ಬಂದಾಗಲೂ ಅದು ಕುಂಡದ್ದೇ ಎಂದುಕೊಂಡಿದ್ದರಂತೆ.

"ಹಾಕ್ತಾರ್ರಿ ಮೇಡಂ. ಮಸ್ತ್ ಹಾಕ್ತಾರ್ರಿ."

"ಮತ್ತ ನಾನ ನಿನಗ ಊಟಾ ಮಾಡಿ ಬಾ, ಊಟಾ ಮಾಡಿ ಬಾ ಅಂತ ಕಳಸ್ತಿದ್ನಿ."

"ಹೌದ್ರಿ."

ಅವರಿಗೆ ಇನ್ನೊಂದು ಹೊಳೆಯಿತು. "ಆರ ಕುಂಡದಾಗ ಐದ ಬಳ್ಳೊಳ್ಳಿ ಅಂದಿದ್ದಿ. ಆರನೇದ್ದು ಅಷ್ಟ ಯಾಕ ಉಳ್ಳಾಗಡ್ಡಿ ಅಂದಿ?"

"ಅವತ್ತ ಸೋಮವಾರ ಇತ್ರಿ. ಉಪವಾಸ ಇದ್ನಿರಿ."

ಮೇಡಂ ನಕ್ಕರು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡು, ಆಮೇಲೆ ಮೇಜಿನ ಮೇಲೆ ಹಣೆ ಇಟ್ಟು. ಅಜ್ಜಿ ಓಡಿ ಬಂದು, ಹಾಳೆಯ ಮೇಲೆ ಕಣ್ಣೀರು ಬೀಳದಂತೆ ಅದನ್ನು ಪಕ್ಕಕ್ಕೆ ಸರಿಸಿದಳು. ಆ ನಗುವಿನಲ್ಲಿ ಒಂದಿಷ್ಟು ಅಳುವೂ ಇತ್ತು, ನನಗೆ ಗೊತ್ತಾಯಿತು.

ನಾನು ಮೆಲ್ಲಗೆ ಬಗ್ಗಿ ಆ ಎರಡನೆಯ ಚೀಟಿಯ ಅಂಚಿಗೆ ಉಗುರು ಹಾಕಿದೆ. ಅಜ್ಜಿ ನನ್ನ ಕೈ ಮೇಲೆ ಫಟ್ಟನೆ ಹೊಡೆದಳು. ಅಜಮತ್ ಅರ್ಥ ಹೇಳಿದ. ಇಲ್ಲಿ ಹೊಸ ಚೀಟಿ ಹಚ್ಚಬಹುದು, ಹಳೆಯದನ್ನು ಯಾರೂ ಕೀಳುವ ಹಾಗಿಲ್ಲ. ಎಲ್ಲಾ ದೇಶದಲ್ಲೂ ಅದೇ ಕಟ್ಟಳೆ.

"ಇರವಲ್ದ್ಯಾಕ" ಎಂದರು ಮೇಡಂ, ಕಣ್ಣು ಒರೆಸಿಕೊಳ್ಳುತ್ತ. "ನಾವ್ ಎಲ್ಲಿ ಎಡವಿದ್ವಿ ಅನ್ನೂದು ಮುಂದಿನವರಿಗೆ ಗೊತ್ತಾಗಬೇಕಲ್ಲಾ."

ಆ ತಪ್ಪು ಚೀಟಿಯನ್ನು ನಾನು ಇನ್ನೊಮ್ಮೆ ನೋಡಿದೆ. ಅದರಲ್ಲಿ ಮೇಡಂ ಹೆಸರೊಂದೇ. ಎಂಟು ವರ್ಷ ನಾನು ಸಿಟ್ಟು ಮಾಡಿಕೊಂಡಿದ್ದದ್ದು ಇದಕ್ಕೆ. ನನ್ನ ತಪ್ಪನ್ನು ಕಾಯಂ ಆಗಿ ಅವರು ತಮ್ಮ ಹೆಸರಿನಲ್ಲಿ ಹೊತ್ತುಕೊಂಡಿದ್ದಾರೆ.

ಮೇಡಂ ಹೊಸ ಚೀಟಿ ಬರೆದರು. ಗಿಡದ ಹಳೆಯ ಹೆಸರು, ಉಳ್ಳಾಗಡ್ಡಿಯ ಮನೆತನ, ತಮ್ಮ ಸಹಿ. ಆಮೇಲೆ ಪೆನ್ನು ಎತ್ತಿ ನನ್ನ ಕಡೆ ನೋಡಿ, ಅದರ ಕೆಳಗೆ ಕನ್ನಡದಲ್ಲಿ ಇನ್ನೆರಡು ಸಾಲು ಸೇರಿಸಿದರು. ಅಜ್ಜಿ ಕನ್ನಡಕ ಏರಿಸಿ ಆ ದುಂಡು ಅಕ್ಷರಗಳನ್ನು ನೋಡಿ, ಏನೆಂದು ಕೇಳದೆ, ಅಂಟು ಹಚ್ಚಿ ಹಾಳೆಗೆ ಒತ್ತಿದಳು. ಇನ್ನು ಅದನ್ನು ಯಾರೂ ಕೀಳುವ ಹಾಗಿಲ್ಲ.

"ರುಚಿ ನೋಡಿದವರು: ಸಿದರಾಯ, ಹಾರೂಗೇರಿ.
ಊಟಕ್ಕಿಂತ ಮೊದಲು."